ಉಗ್ಗುವ ಫೈಲು

ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. ಮೇಸ್ತ್ರಿಯ ಹೆಂಡತಿ.

"ನೋಡಮ್ಮಾ, ನೀನು ಕೊಟ್ಟ ನಮ್ಮೋರ ನಿವೃತ್ತಿ ವಿಡಿಯೋ ಎಲ್ಲಾ ಚೆನ್ನಾಗಿದೆ. ದೊಡ್ಡ ಸಾಹೇಬ್ರು ಮಾತಾಡಿದ್ದು, ಎಲ್ರೂ ನಿಂತು ಫೋಟೋ ತೆಗೆಸ್ಕೊಂಡಿದ್ದು, ಎಲ್ಲಾ ನೀರು ಹರಿದ ಹಾಗೆ ಬರುತ್ತೆ. ನಿನ್ನ ತಮ್ಮ ಮಾತಾಡೋ ಕಡೆ ಮಾತ್ರ ಚಿತ್ರ ಎಗರಿ ಎಗರಿ ಬೀಳುತ್ತೆ. ಯಾಕಮ್ಮಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಕುರ್ಚಿ ಬಿಟ್ಟು ಎದ್ದೇ ನಿಂತಳು. ಎದ್ದವಳು ಸುಮ್ಮನಾದರೂ ಇರಬಾರದೇ? "ನಿಮ್ಮ ಟಿವಿ ಹಳೇದಿರ್ಬೇಕು ಅಮ್ಮಾ, ಹೊಸ ಫೈಲು ಅದಕ್ಕೆ ಹಿಡಿಸಲ್ಲ," ಅಂದುಬಿಟ್ಟಳು. ಎಷ್ಟು ಸಲೀಸಾಗಿ ಬಂತು ಅಂತೀರಿ! ಹದಿನೆಂಟು ವರ್ಷದಿಂದ ವಿಡಿಯೋ ಎಡಿಟಿಂಗ್ ಮಾಡುವವಳು. ಗಿರಾಕಿ ದೂರು ತಂದರೆ ಮೊದಲು ಟಿವಿಯ ಮೇಲೆ ಹಾಕು, ಆಮೇಲೆ ಪೆನ್‌ಡ್ರೈವಿನ ಮೇಲೆ ಹಾಕು, ಅದೂ ನಡೆಯದಿದ್ದರೆ ಕರೆಂಟಿನ ಮೇಲೆ ಹಾಕು. ಈ ಕಸುಬಿನಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ ಅದು.

"ಅಯ್ಯೋ, ಹೋದ ತಿಂಗಳು ತಂದ ಟಿವಿ ಕಣಮ್ಮಾ," ಅಂದರು ಆಕೆ. "ಇರ್ಲಿ ಬಿಡು. ನಮ್ಮೋರು ನಿನ್ನ ತಮ್ಮನಿಗೇ ಹೇಳಿದ್ದಾರೆ. ಇವತ್ತು ಅವನಿಗೆ ರಜ ಅಂತೆ, ಪೆನ್‌ಡ್ರೈವ್ ತಗೊಂಡು ನಿನ್ನ ಹತ್ರಾನೇ ಬರ್ತಿದ್ದಾನೆ. ಇಬ್ರೂ ಕೂತು ನೋಡಿ."

ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅಂತಾರೆ. ಇವಳ ಪಾಲಿನ ದೊಣ್ಣೆ ಆಗಲೇ ಬಸ್ಸು ಹತ್ತಿ ಹೊರಟಿತ್ತು.

ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ ಅವಳ ಸ್ಟುಡಿಯೋ. ಕೆಳಗೆ ದರ್ಜಿ ಬಟ್ಟೆ ಕತ್ತರಿಸುತ್ತಾನೆ, ಮೇಲೆ ಇವಳು ಚಿತ್ರ ಕತ್ತರಿಸುತ್ತಾಳೆ. ಆ ದರ್ಜಿಯೇ ಇವಳಿಗೆ ಕತ್ತರಿಯಕ್ಕ ಅಂತ ಹೆಸರಿಟ್ಟು ಬೀದಿಗೆಲ್ಲ ಹಂಚಿದ್ದ. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ನಲವತ್ತೆರಡು ತುಂಬಿದ್ದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟ. ಪುಟ್ಟನಿಗೆ ಮಾತು ಉಗ್ಗು. ಚಿಕ್ಕಂದಿನಲ್ಲಿ ಅವನು "ಪ... ಪ..." ಅನ್ನುವಷ್ಟರಲ್ಲಿ ಅಕ್ಕ "ಪೆನ್ಸಿಲ್ ಬೇಕಂತೆ" ಅಂತ ಮುಗಿಸಿಬಿಡುತ್ತಿದ್ದಳು. ಅಂಗಡಿಯಲ್ಲಿ, ಶಾಲೆಯಲ್ಲಿ, ಡಾಕ್ಟರ ಮುಂದೆ, ಎಲ್ಲೆಲ್ಲೂ ಅವನ ಬಾಯಿ ಇವಳೇ. ಅಕ್ಕ ಅಂದರೆ ಹೀಗಿರಬೇಕು ಅಂತ ಬಂಧುಬಳಗ ಹೊಗಳಿತು, ಇವಳೂ ಉಬ್ಬಿದಳು. ಹುಡುಗ ಮೆಲ್ಲಗೆ ಮಾತಾಡುವುದನ್ನೇ ಬಿಡುತ್ತಿದ್ದಾನೆ ಅನ್ನುವುದು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಅಂಥವನು ಹೋದ ವಾರ, ತನಗೆ ಕೆಲಸ ಕಲಿಸಿದ ಮೇಸ್ತ್ರಿಯ ನಿವೃತ್ತಿ ಸಮಾರಂಭದಲ್ಲಿ, ಯಾರಿಗೂ ಒಂದು ಮಾತು ಹೇಳದೆ ಹೋಗಿ ಮೈಕು ಹಿಡಿದ. ಕ್ಯಾಮೆರಾ ಹಿಂದಿದ್ದವಳು ಅಕ್ಕ. ಆರು ನಿಮಿಷ ಮಾತಾಡಿದ. ಅದರಲ್ಲಿ "ಮೇಸ್ತ್ರಿ" ಅನ್ನುವ ಒಂದು ಶಬ್ದಕ್ಕೇ ನಲವತ್ತು ಸೆಕೆಂಡು ಹಿಡಿಯಿತು. ಕತ್ತಿನ ನರ ಉಬ್ಬಿತ್ತು, ಕಣ್ಣು ಮುಚ್ಚಿತ್ತು, ಎರಡೂ ಕೈ ಮೈಕಿನ ಕಂಬವನ್ನು ಹಿಡಿದಿದ್ದವು. ಇನ್ನೂರು ಜನ ತುಟಿ ಪಿಟ್ಟೆನ್ನದೆ ಕೂತಿದ್ದರು. ಮೇಸ್ತ್ರಿ ಕುರ್ಚಿಯಿಂದ ಎದ್ದು, ಹೇಳಪ್ಪ ನನಗೇನೂ ಅವಸರವಿಲ್ಲ ಅನ್ನುವ ಹಾಗೆ ಕೈಕಟ್ಟಿ ನಿಂತುಕೊಂಡರು. ಶಬ್ದ ಬಂತು. ಇಡೀ ಸಭೆ ಚಪ್ಪಾಳೆ ತಟ್ಟಿತು.

ಆ ನಲವತ್ತು ಸೆಕೆಂಡನ್ನು ಅಕ್ಕ ಕತ್ತರಿಸಿ ಎಸೆದಳು.

ಕೆಟ್ಟ ಮನಸ್ಸಿನಿಂದ ಮಾಡಿದಳು ಅಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಎಡಿಟಿಂಗಿಗೆ ಕೂತಾಗ ಒಂದೇ ಯೋಚನೆ. ನಾಳೆ ನಾಲ್ಕು ಜನ ಇದನ್ನು ಹಿಂದೆ ಮುಂದೆ ಓಡಿಸಿ ನಕ್ಕರೆ? ಒಂದು ಉಗ್ಗು ತೆಗೆದಳು. ಚೆನ್ನಾಗಿ ಕಂಡಿತು. ಇನ್ನೊಂದು ತೆಗೆದಳು. ಮೂವತ್ತೊಂದು ಕಡೆ ಕತ್ತರಿ ಆಡಿ ಆರು ನಿಮಿಷ ಮೂರಾಯಿತು. ಬೇರೆಯವರ ಮೂಲ ಚಿತ್ರಗಳನ್ನು ಮೂರು ತಿಂಗಳು ಜೋಪಾನ ಮಾಡುವವಳು, ಜೋಡಿಸಿದ ತುಣುಕುಗಳನ್ನಷ್ಟೇ ಉಳಿಸಿಕೊಂಡು ಇದರ ಮೂಲವನ್ನು ಮಾರನೆಯ ದಿನವೇ ಅಳಿಸಿದಳು. ಕಂಪ್ಯೂಟರಿನಲ್ಲಿ ಜಾಗ ಇಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಜಾಗ ಬೇಕಾದಷ್ಟಿತ್ತು. ಸಮಾರಂಭದ ದಿನ ವಿಡಿಯೋ ಹಿಡಿಯಲು ಫೋನು ಎತ್ತಿದವರನ್ನೆಲ್ಲ, ಕ್ಯಾಮೆರಾಕ್ಕೆ ಅಡ್ಡ ಬರ್ತೀರಾ ಅಂತ ಗದರಿಸಿ ಕೂರಿಸಿದವಳೂ ಇವಳೇ.

ಪುಟ್ಟ ಬಂದ. ಒಗೆದ ಅಂಗಿ, ಕಿವಿಯ ಮೇಲೆ ಪೆನ್ಸಿಲ್ಲು, ಮುಖದ ತುಂಬ ನಗು.

"ಅಕ್ಕಾ, ಫೈಲು ಉ... ಉಗ್ಗುತ್ತಂತಲ್ಲ! ನನ್ನ ರೋಗ ಅದಕ್ಕೂ ಅಂಟ್ತಾ?"

ವಿಡಿಯೋ ತಡೆದು ತಡೆದು ಓಡಿದರೆ ಫೈಲು ಉಗ್ಗುತ್ತೆ ಅಂತಲೇ ಈ ಕಸುಬಿನವರ ಮಾತು. ತಮ್ಮನ ಎದುರು ಮಾತ್ರ ಇವಳು ಆ ಶಬ್ದವನ್ನು ಒಂದು ದಿನವೂ ಆಡಿದವಳಲ್ಲ. ಅವನು ಅದನ್ನು ತಾನಾಗಿ ಆಡಿ ನಗುತ್ತಿದ್ದ. ಇವಳಿಗೂ ನಗಬೇಕಾಯಿತು.

"ನೀನು ನೋಡಿದ್ಯಾ?"

"ಇಲ್ಲ. ನಾ... ನಾಚಿಕೆ ಆಯ್ತು. ಈಗ ಮೇ... ಮೇ..."

"ಮೇಸ್ತ್ರಿ," ಅಂದಳು.

"ಹೂಂ. 'ನೀನು ಮೈಕಲ್ಲಿ ನನ್ನ ಕರೆದ್ಯಲ್ಲ, ಆ ಜಾಗ ಇನ್ನೊಂದ್ಸಲ ನೋಡ್ಬೇಕಪ್ಪಾ' ಅಂದ್ರು."

ಪುಟ್ಟ ಕೆಲಸಕ್ಕೆ ಕೂತರೆ ಬಿಡುವ ಆಸಾಮಿಯಲ್ಲ. ಪೆನ್‌ಡ್ರೈವಿನಿಂದಲೇ ಓಡಿಸಿದರು, ಚಿತ್ರ ಎಗರಿತು. ಕಂಪ್ಯೂಟರಿಗೆ ಇಳಿಸಿಕೊಂಡು ಓಡಿಸಿದರು, ಅಲ್ಲೇ ಎಗರಿತು. ಬೇರೆ ಪ್ಲೇಯರಿನಲ್ಲಿ ಹಾಕಿದರು, ಅವನ ಫೋನಿನಲ್ಲಿ ಹಾಕಿದರು. ಎಲ್ಲಾ ಕಡೆ ಅದೇ ರಾಗ, ಅದೇ ಹಾಡು.

"ಲಿಫ್ಟು ನಾಲ್ಕನೇ ಮಹಡೀಲಿ ಮಾತ್ರ ಜಗ್ಗಿದ್ರೆ ಮೋ... ಮೋಟರ್ ಬಿಚ್ಚಬಾರ್ದು ಅಕ್ಕಾ. ನಾಲ್ಕನೇ ಮಹಡಿ ನೋಡ್ಬೇಕು."

"ಇನ್ನೊಂದ್ಸಲ ರೆಂಡರ್ ಮಾಡೋಣ ತಡಿ," ಅಂದಳು ಅವಸರವಾಗಿ. ರೆಂಡರ್ ಅಂದರೆ ಕತ್ತರಿಸಿ ಜೋಡಿಸಿದ ತುಣುಕುಗಳನ್ನೆಲ್ಲ ಸೇರಿಸಿ ಒಂದೇ ಫೈಲು ಮಾಡಿ ತೆಗೆಯುವುದು. ಒಮ್ಮೊಮ್ಮೆ ಅದರಲ್ಲೇ ದೋಷ ಸೇರಿಕೊಂಡು ಚಿತ್ರ ಎಗರುವುದುಂಟು. ಇಲ್ಲಿ ಸೇರಿಕೊಂಡಿಲ್ಲ ಅಂತ ಅವಳಿಗೆ ಗೊತ್ತು. ಆದರೂ ಅದು ಬದಲಿಸಿದಳು, ಇದು ಬದಲಿಸಿದಳು, ಕತ್ತರಿಯ ಗುರುತುಗಳು ಅವನಿಗೆ ಕಾಣದ ಹಾಗೆ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ರೆಂಡರ್ ಶುರುವಾಗಿ ಗುರುತುಗಳು ಮರೆಯಾದ ಮೇಲೆ ಪರದೆಯನ್ನು ಮತ್ತೆ ನಡುವೆ ತಂದಳು. ಇಪ್ಪತ್ತು ನಿಮಿಷ ಅಂತ ತೋರಿಸಿತು. ಇಪ್ಪತ್ತು ನಿಮಿಷ ತಮ್ಮನ ಪಕ್ಕ ಕೂರಬೇಕು. ಎಂಥ ಶಿಕ್ಷೆ ಅದು!

ರೆಂಡರ್ ಎಷ್ಟು ಮುಗಿಯಿತು ಅಂತ ತೋರಿಸುವ ಹಸಿರು ಪಟ್ಟಿ ಇರುವೆಯ ಹಾಗೆ ತೆವಳುತ್ತಿತ್ತು. ಕೆಳಗೆ ಹೊಲಿಗೆ ಯಂತ್ರ ಒಮ್ಮೆ ಓಡಿ ಒಮ್ಮೆ ನಿಲ್ಲುತ್ತಿತ್ತು. ಪುಟ್ಟ ಪರದೆಯತ್ತ ನೋಡುತ್ತಲೇ ಹೇಳಿದ.

"ಮಗಳಿಗೂ ಶು... ಶುರುವಾಗಿದೆ, ಅಕ್ಕಾ."

"ಏನು?"

"ಇದೇ. ಕ್ಲಾ... ಕ್ಲಾಸಲ್ಲಿ ಬಾಯಿ ಬಿಡಲ್ಲ ಈಗ. ಟೀಚರ್ ಕೇಳಿದ್ರೆ ಗೊತ್ತಿಲ್ಲ ಅಂತ ತಲೆ ಆಡಿಸ್ತಾಳೆ. ಎಲ್ಲಾ ಗೊತ್ತಿರುತ್ತೆ ಅವಳಿಗೆ. ಅದಕ್ಕೇ ನಾನು ಮೈಕ್ ಹಿಡ್ದಿದ್ದು. ಅವತ್ತು ಜ್ವರ ಬಂದು ಅವಳು ಮನೇಲೇ ಇದ್ಲು. ಇದನ್ನ ತೋರಿಸ್ಬೇಕು. ನೋ... ನೋಡು, ಅಪ್ಪ ಅಷ್ಟು ಹೊತ್ತು ಸಿಕ್ಕಿಹಾಕ್ಕೊಂಡ, ಏನೂ ಆಗ್ಲಿಲ್ಲ, ಜನ ಕಾದ್ರು, ಅಂತ."

ಕತ್ತರಿಯಕ್ಕ ಮೌಸು ಬಿಟ್ಟು ಅವನ ಕಡೆ ತಿರುಗಿದಳು. ಒಂಬತ್ತು ವರ್ಷದ ಕೂಸು. ಅತ್ತೆ ಅತ್ತೆ ಅಂತ ಇವಳ ಸೆರಗು ಹಿಡಿದು ಬೆಳೆದದ್ದು. ಹೇಳಿಬಿಡು, ಈಗಲೇ ಹೇಳಿಬಿಡು ಅಂತ ಒಳಗಿನಿಂದ ಯಾರೋ ತಿವಿದರು. ಬಾಯಿ ತೆರೆದಳು.

"ಚಹಾ ಕುಡೀತೀಯಾ?" ಅಂದಳು.

ಥೂ, ಏನು ಹೆಂಗಸೋ! ಒಳಕೋಣೆಗೆ ಹೋಗಿ ನೀರಿಟ್ಟು ಗೋಡೆಗೆ ಹಣೆ ಒತ್ತಿ ನಿಂತಳು. ಚಹಾ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಉಳಿದದ್ದನ್ನು ಸೋಸಿ ತರುವಷ್ಟರಲ್ಲಿ ಪಟ್ಟಿ ತುಂಬಿತ್ತು.

ಹೊಸ ಫೈಲು ಓಡಿತು. ಹೊಸದೂ ಎಗರಿತು. ಈಗ ಪುಟ್ಟ ಕಿವಿಯ ಪೆನ್ಸಿಲ್ಲು ತೆಗೆದು, ಮೇಜಿನ ಮೇಲಿದ್ದ ಹಳೆಯ ಲಕೋಟೆಯ ಹಿಂಬದಿ ಬರೆಯತೊಡಗಿದ. ಚಿತ್ರ ಎಗರಿದ ಕೂಡಲೇ ಯಾವ ಶಬ್ದ ಬರುತ್ತದೋ ಅದನ್ನು ಬರೆಯುವುದು. ಪಾಠ. ಕೆಲಸ. ಮೊದಲ. ಕೇಬಲ್. ಪೆಟ್ಟಿಗೆ. ಸ್ಪೀಕರಿನಲ್ಲಿ ಅವನ ದನಿ ಎಲ್ಲೂ ತಡೆಯದೆ ಓಡುತ್ತಿತ್ತು. "ನನ್ನ ಮೇಸ್ತ್ರಿ," ಅಂದಿತು ಆ ದನಿ, ಒಂದೇ ಏಟಿಗೆ. ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ನಿಂತಿದ್ದರು. ಇನ್ನೂರು ಜನ ಚಪ್ಪಾಳೆ ತಟ್ಟಿದರು.

"ಇಲ್ಲಿ ಯಾ... ಯಾಕೆ ಚಪ್ಪಾಳೆ?" ಅಂದ ಪುಟ್ಟ. ಇವಳನ್ನು ಕೇಳಿದ್ದಲ್ಲ ಅದು. ಲಕೋಟೆಯ ಮೇಲೆ "ಮೇಸ್ತ್ರಿ" ಅಂತ ಬರೆದ. ಬರೆದದ್ದನ್ನೆಲ್ಲ ಮೇಲಿನಿಂದ ಕೆಳಕ್ಕೆ ತುಟಿ ಆಡಿಸುತ್ತ ಓದಿದ. ಎಲ್ಲಾ ಪ, ಕ, ಮ. ಆ ಅಕ್ಷರಗಳ ಜೊತೆ ಹುಟ್ಟಿದಾಗಿನಿಂದ ಗುದ್ದಾಡಿದವನು ಅವನು. ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಪೆನ್ಸಿಲ್ಲು ಮೇಜಿನ ಮೇಲಿಟ್ಟ.

"ಫೈಲಿಗೆ ಏನೂ ಆಗಿಲ್ಲ," ಅಂದ. "ನೀನು ತೆ... ತೆಗ್ದಿದ್ದೀಯ."

"ಜನ ನಗ್ತಾರೆ ಅಂತ ಪುಟ್ಟಾ. ನಿನ್ನ ಒಳ್ಳೇದಕ್ಕೇ ಅಂತ..."

"ಅವತ್ತು ಯಾ... ಯಾರು ನಕ್ರು?"

ಅವಳು ಆ ಇನ್ನೂರು ಮುಖಗಳನ್ನು ಮನಸ್ಸಿನಲ್ಲೇ ಹುಡುಕಿದಳು. ಒಬ್ಬರೂ ನಕ್ಕಿರಲಿಲ್ಲ. ನಾಚಿಕೆ ಆಗಿದ್ದು ಅವಳೊಬ್ಬಳಿಗೇ. ತಮ್ಮನ ಸಲುವಾಗಿ ಅಂದುಕೊಂಡಿದ್ದಳು, ಆದರೆ ಎಲ್ಲರೂ ತಿರುಗಿ ಇವಳ ತಮ್ಮ ಇವನು ಅಂತ ನೋಡುತ್ತಾರೆಂದು ತಲೆ ತಗ್ಗಿಸಿದವಳು ಅವಳೇ.

"ಮೂಲದ್ದು ಕೊಡು. ನಂ... ನಂಗೆ ಅದೇ ಸಾಕು."

"ಇಲ್ಲ ಕಣೋ."

"ಅಂದ್ರೆ?"

"ಅಳಿಸಿಬಿಟ್ಟೆ. ಮಾರನೇ ದಿನಾನೇ. ಯಾರ ಹತ್ರಾನೂ ಇಲ್ಲ."

ಪುಟ್ಟ ಪರದೆಯ ಕಡೆ ತಿರುಗಿದ. ಅಲ್ಲಿ ಅವನಂಥವನೇ ಒಬ್ಬ ಮೈಕಿನ ಮುಂದೆ ಸರಾಗವಾಗಿ ಮಾತಾಡುತ್ತ ನಿಂತಿದ್ದ. ಮಗಳಿಗೆ ತೋರಿಸಿದರೆ, ಇವನಿಗೇನು ಗೊತ್ತು ನನ್ನ ಕಷ್ಟ ಅಂದಾಳು. ಪೆನ್‌ಡ್ರೈವನ್ನು ಕಂಪ್ಯೂಟರಿನಲ್ಲೇ ಬಿಟ್ಟು ಎದ್ದ. ಬಾಗಿಲ ಹತ್ತಿರ ಹೋಗಿ ಇವಳತ್ತ ತಿರುಗಿದ.

"ಮರೆ... ಮರೆ..."

ಅವಳ ಬಾಯಿ ಅವಳ ಮಾತು ಕೇಳಿದರೆ ತಾನೇ! "ಮರೆತುಬಿಡ್ತೀನಿ ಅಂತೀಯಾ? ಮರೆತುಬಿಡೋ ನನ್ನಪ್ಪಾ, ದಮ್ಮಯ್ಯ ಅಂತೀನಿ, ಮರೆತುಬಿಡು..."

ಪುಟ್ಟ ಕೈ ಎತ್ತಿ ತಡೆದ. ಬೇಡ ಅನ್ನುವ ಹಾಗೆ, ಅಂಗೈ ಅವಳ ಮುಖಕ್ಕೆ ಕಾಣುವ ಹಾಗೆ. ಕಣ್ಣು ಮುಚ್ಚಿಕೊಂಡ. ಕತ್ತಿನ ನರ ಉಬ್ಬಿತು. "ಮರೆ..." ಅಂದ ಮತ್ತೆ. ನಮ್ಮ ಭಾಷೆಯೂ ಸರಿಯಾಗಿದೆ, ಹೌದೋ ಅಲ್ಲವೋ ತಿಳಿಯಬೇಕಾದರೆ ಶಬ್ದದ ಬಾಲ ಬರುವ ತನಕ ಕಾಯಬೇಕು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಾದಳು.

"ಮರೆಯಲ್ಲ, ಅಕ್ಕಾ," ಅಂದ ಪುಟ್ಟ.