ಸುಣ್ಣದ ಗೆರೆಯೊಳಗೆ

ಬೂದೆಪ್ಪ ಎತ್ತಿದ ಗುದ್ದಲಿ ಇಳಿಯುವ ಮೊದಲೇ ಉರುಕುಂದಪ್ಪ ಅವನ ರಟ್ಟೆ ಹಿಡಿದ.

“ತಡಿಯಲೇ. ಕಾಲ ಬುಡಕ ನೋಡು.”

“ಏನದ ಕಾಕಾ? ಬರೇ ಗರಸು.”

“ಗರಸಲ್ಲೋ, ತತ್ತಿ. ಕಣ್ಣು ಬಿಟ್ಟು ನೋಡು.”

ಬೂದೆಪ್ಪ ಬಗ್ಗಿದ. ಸುಣ್ಣದ ಪುಡಿಯಲ್ಲಿ ಎಳೆದ ಚೌಕದ ನಡುವೆ, ಹರಳುಗಳ ಜೊತೆ ಹರಳಿನಂತೆಯೇ ನಾಲ್ಕು ತತ್ತಿ. ಮಣ್ಣಿನ ಬಣ್ಣ, ಮೇಲೆ ಕರಿ ಚುಕ್ಕಿ. ಟಿಟ್ಟಿಭ ಹಕ್ಕಿಯ ಜೋಡಿ ತಲೆಯ ಮೇಲೆ ಸುತ್ತುತ್ತ ಬೆಳಗಿನಿಂದ ಒದರುತ್ತಿದ್ದುದು ಯಾಕೆಂದು ಆಗ ಅವನಿಗೆ ತಿಳಿಯಿತು.

ಮಸರಕಲ್ಲಿನ ಈ ಹೊಲ ಚನ್ನವೀರಪ್ಪನವರದು. ಮೂವತ್ತಾರು ವರ್ಷ ಮಾನ್ವಿ, ದೇವದುರ್ಗ, ರಾಯಚೂರು ಎಂದು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ನಿನ್ನೆ ಸಂಜೆ ಚಹಾದ ಕಪ್ಪು ಕೈಯಲ್ಲಿರುವಾಗಲೇ ಲಿಂಗೈಕ್ಯರಾಗಿದ್ದರು. ಅವರ ತಮ್ಮ ಪ್ರಭುರಾಜ ನಸುಕಿನಲ್ಲೇ ಬಂದು ಜಾಗ ಗುರುತು ಮಾಡಿ, ಸುಣ್ಣ ಎಳೆದು, ಕಾಯಿ ಒಡೆದು ಹೋಗಿದ್ದ. ಉರುಕುಂದಪ್ಪ ಅದೇ ಬ್ಯಾಂಕಿನಲ್ಲಿ ಜವಾನನಾಗಿದ್ದವನು. ಸಮಾಧಿಯ ಕುಣಿ ತೋಡುವುದು ಅವನ ಅಪ್ಪನ ಕೆಲಸ. ನೌಕರಿ ಸಿಕ್ಕ ಮೇಲೆ ಅವನು ಅದಕ್ಕೆ ಕೈ ಹಚ್ಚಿರಲಿಲ್ಲ. ಇವತ್ತು ಯಾರೂ ಕರೆಯದೆಯೇ ಮಾನ್ವಿಯ ಮೊದಲ ಬಸ್ಸು ಹಿಡಿದು ಬಂದು, ತೋಡಲು ಕರೆಸಿದ್ದ ಬೂದೆಪ್ಪನ ಜೊತೆ ಸಲಿಕೆ ಹಿಡಿದಿದ್ದ.

“ಎತ್ತಿ ಆ ಬೇವಿನ ನೆಳ್ಳಾಗ ಇಟ್ರಾತು ಬಿಡು,” ಎಂದ ಬೂದೆಪ್ಪ.

ಉರುಕುಂದಪ್ಪನ ಮುಖ ಕಪ್ಪಿಟ್ಟಿತು. “ಮುಟ್ಟಿದ್ರ ಕೈ ಮುರಿತೀನಿ.”

*

ಚನ್ನವೀರಪ್ಪ ಮಾನ್ವಿಗೆ ಬಂದಾಗ ಹರೆಯದ ಕ್ಯಾಷಿಯರು. ಭಾನುವಾರ ಕೊರಳಿಗೆ ದುರ್ಬೀನು ಹಾಕಿಕೊಂಡು, ಉರುಕುಂದಪ್ಪನ ಸೈಕಲ್ಲಿನ ಹಿಂದೆ ಕೂತು ಪೋತ್ನಾಳದ ಕಡೆ ಹೊರಡುತ್ತಿದ್ದರು. ಕಂಡ ಹಕ್ಕಿಗಳನ್ನೆಲ್ಲ ಬ್ಯಾಂಕಿನ ಚೀಟಿಗಳ ಬೆನ್ನಿಗೆ ಬರೆಯುವ ಚಟ. ಒಮ್ಮೆ ತಪಾಸಣೆಯ ಅಧಿಕಾರಿ ಅಂಥದೊಂದು ಚೀಟಿ ತಿರುವಿದ. “‘ಪೋತ್ನಾಳ, ಹೆಬ್ಬಾತು ಹನ್ನೊಂದು, ಒಂದು ಕುಂಟು.’ ಏನ್ರೀ ಇದು?”

“ನಮ್ಮ ಗಿರಾಕಿ ಅಲ್ರೀ ಸಾಹೇಬ್ರ. ಆದ್ರ ವರ್ಷಾ ತಪ್ಪದ ಬರ್ತಾವ,” ಎಂದರು ಚನ್ನವೀರಪ್ಪ.

ಒಂದು ಬೇಸಿಗೆ ಬ್ಯಾಂಕಿನ ಹಿಂದಿನ ಬಯಲಲ್ಲಿ ಟಿಟ್ಟಿಭ ತತ್ತಿ ಇಟ್ಟಿತು. ಚನ್ನವೀರಪ್ಪ ಸಾಹೇಬರು ದಿನಾ ಬುತ್ತಿ ಉಣ್ಣುವುದನ್ನೂ ಬಿಟ್ಟು, ದೂರ ನಿಂತು ನೋಡುತ್ತಿದ್ದರು. ಆ ಬಿಸಿಲಿಗೆ ತತ್ತಿ ಬೆಂದಾವು ಎಂದು ಉರುಕುಂದಪ್ಪ ಒಂದು ಮಧ್ಯಾಹ್ನ ಅವನ್ನು ಟವೆಲಿನಲ್ಲಿ ಎತ್ತಿ ಗೋಡೆಯ ನೆರಳಿಗೆ ಇಟ್ಟ. ಶಹಬ್ಬಾಸ್ ಅನ್ನಿಸಿಕೊಳ್ಳಲು ಓಡಿ ಬಂದು ಹೇಳಿದ.

ಸಾಹೇಬರು ಪೆನ್ನು ಕೆಳಗಿಟ್ಟು ಬರಿಗಾಲಲ್ಲಿ ಓಡಿದರು. ಅಷ್ಟರಲ್ಲಿ ಕಾಗೆ ಎಲ್ಲವನ್ನೂ ಮುಗಿಸಿತ್ತು. ಹಕ್ಕಿ ಮೂರು ದಿನ ಖಾಲಿ ಜಾಗದ ಮೇಲೆಯೇ ಕುಳಿತಿತು.

“ಆಕಿ ನೀರಿನ ದಂಡಿಗೆ ಹೋಗಿ ಹೊಟ್ಟಿ ತೋಯಿಸ್ಕೊಂಡು ಬಂದು ತತ್ತಿ ಮ್ಯಾಲ ಕುಂಡ್ರತಾಳ, ಉರುಕುಂದಿ. ತಂಪು ಮಾಡೂದು ಆಕಿಗೆ ಗೊತ್ತದ. ನಮ್ಮ ನೆಳ್ಳು ಬೇಕಿದ್ದಿಲ್ಲ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

*

ಮಧ್ಯಾಹ್ನ ರಾಯಚೂರಿನಿಂದ ಗಾಡಿ ಬಂತು. ಹೂವಿನ ಹಾರಗಳ ನಡುವೆ ಚನ್ನವೀರಪ್ಪನವರನ್ನು ಕುರ್ಚಿಯ ಮೇಲೆ ಕೂಡಿಸಿದ್ದರು. ಪ್ರಭುರಾಜ ಮೊದಲು ಇಳಿದ, ಹಿಂದೆ ಕ್ರಿಯೆ ಮಾಡಿಸುವ ಅಯ್ಯನವರು.

“ಇನ್ನಾ ತೋಡಿಲ್ಲೇನು? ಅಯ್ಯನೋರು ಬಂದಾರ!”

“ಗೆರಿ ಒಳಗ ತತ್ತಿ ಅದಾವ್ರೀ. ನಿಮ್ಮನ್ನ ಕೇಳಿ ಜಾಗಾ ಬದ್ಲಿಸಬೇಕಂತ ಕಾದೀವಿ. ಬಾಜೂಕ ತೋಡ್ತೀನಿ, ಜಲ್ದಿ ಆಗ್ತದ.”

“ಹಕ್ಕಿ ತತ್ತಿ ಸಲುವಾಗಿ ನಮ್ಮಣ್ಣ ಬಿಸಲಾಗ ಕುಂಡ್ರಬೇಕೇನು? ಕಾಯಿ ಒಡದದ್ದಾಗೇದ. ಗುರುತು ಹಾಕಿದ ಜಾಗ ಖಾಲಿ ಬಿಟ್ರ ಅದು ಮನ್ಯಾಗ ಇನ್ನೊಬ್ಬರನ್ನ ಕೇಳ್ತದ. ನಿನಗ ಹೇಳಿಕೊಡಬೇಕೇನು?”

ಉರುಕುಂದಪ್ಪನ ಅಪ್ಪನೂ ಇದೇ ಮಾತು ಹೇಳುತ್ತಿದ್ದ. ಆ ಮನೆಯಲ್ಲಿ ಈಗ ಉಳಿದವರು ಸಾಹೇಬರ ಹೆಂಡತಿ ಶಿವಗಂಗಮ್ಮ ಒಬ್ಬರೇ. ಜಾಗ ಕೇಳುವುದಾದರೆ ಅವರನ್ನೇ ಕೇಳಬೇಕು. ಬೂದೆಪ್ಪ ಮತ್ತೆ ಗುದ್ದಲಿ ಹಿಡಿದ.

ಶಿವಗಂಗಮ್ಮ ಗಾಡಿಯಿಂದ ಇಳಿದು ಬಂದರು. ಅತ್ತು ಅತ್ತು ದನಿ ಒಡೆದಿತ್ತು.

“ಏನಾತು ಉರುಕುಂದಪ್ಪ?”

“ಟಿಟ್ಟಿಭ ತತ್ತಿ ಇಟ್ಟಾವ್ರೀ ಯವ್ವಾ.”

“ಎಷ್ಟು?”

“ನಾಕು.”

ಅವರು ಗೆರೆಯ ಕಡೆ ನಡೆದರು. ಹದಿನೈದು ಹೆಜ್ಜೆ ಇರುವಾಗಲೇ ತಾವಾಗಿ ನಿಂತರು. “ಲಗ್ನ ಆಗಿ ನಲವತ್ತೈದು ವರ್ಷ. ನನ್ನ ಕೂಡ ಮಾತಾಡಿದ್ದಕ್ಕಿಂತ ‘ಶ್, ಅಲ್ಲೇ ನಿಂದ್ರು’ ಅಂದದ್ದ ಹೆಚ್ಚು.” ಸೆರಗಿನಿಂದ ಮೂಗು ಒರೆಸಿಕೊಂಡರು. ಎಲ್ಲರೂ ಸುಮ್ಮನೆ ನಿಂತದ್ದಕ್ಕೆ ಹಕ್ಕಿ ಕೆಳಗಿಳಿಯಿತು. ನಾಲ್ಕು ಹೆಜ್ಜೆ ಓಡಿತು, ನಿಂತಿತು, ಮತ್ತೆ ಓಡಿತು. ಗೆರೆ ದಾಟಿ ತತ್ತಿಯ ಮೇಲೆ ಕುಳಿತಿತು.

“ಪ್ರಭು, ಖಾಲಿ ಎಲ್ಲದನೋ ಅದು? ನಮಗಿಂತ ಮೊದಲ ಬಂದು ಕುಂತಾಳಲ್ಲ.”

ಪ್ರಭುರಾಜ ಅಯ್ಯನವರ ಮುಖ ನೋಡಿದ. ಅಯ್ಯನವರು ಹಕ್ಕಿಯನ್ನೇ ನೋಡುತ್ತಿದ್ದರು. “ತುಂಬಿದ ಜಾಗ ಯಾರನ್ನೂ ಕೇಳೂದಿಲ್ಲಪಾ,” ಎಂದರು. “ಬಾಜೂಕ ತೋಡ್ರಿ.”

ಉರುಕುಂದಪ್ಪ ಮೂವತ್ತು ಹೆಜ್ಜೆ ಎಣಿಸಿ ಮೊದಲ ಗುದ್ದಲಿ ತಾನೇ ಹಾಕಿದ. ಅರವತ್ತೆಂಟರ ಮೈ ಬೆವರಿ ಅಂಗಿ ಬೆನ್ನಿಗೆ ಅಂಟಿತು. “ಕಾಕಾ, ಪಿಂಚಣಿ ತಗೊಳ್ಳಾಂವಗ ಯಾಕ ಬೇಕಿತ್ತು ಇದು?” ಎಂದು ಬೂದೆಪ್ಪ ಕೆಣಕಿದ. ಅವನು ಗುದ್ದಲಿ ಮತ್ತೆ ಎತ್ತಿದ.

ಭಜನೆಯವರು ತಾಳ ಚೀಲಕ್ಕೆ ಹಾಕಿ ಬರಿಬಾಯಲ್ಲಿ ಮೆಲ್ಲಗೆ ಹಾಡಿದರು. ಸಾಹೇಬರನ್ನು ಇಳಿಸಿ, ಕೂಡಿಸಿ, ಸುತ್ತ ವಿಭೂತಿ, ಪತ್ರಿ ತುಂಬಿದರು. ಎಲ್ಲರೂ ಹಿಡಿ ಮಣ್ಣು ಹಾಕಿದರು.

ಜನ ಚದುರಿದಾಗ ಹೊತ್ತು ವಾಲಿತ್ತು. ಕೊಡಗಳಲ್ಲಿ ಉಳಿದ ನೀರು ಚೆಲ್ಲಿ, ಹೊಸ ಮಣ್ಣಿನ ಬದಿಗೆ ಮೊರದಗಲ ನಿಂತಿತ್ತು. ಟಿಟ್ಟಿಭ ಎದ್ದು ಅಲ್ಲಿಗೆ ಬಂತು. ಕಾಲು ಮಡಚಿ ನೀರಿನಲ್ಲಿ ಹೊಟ್ಟೆಯೂರಿತು, ಅತ್ತಿತ್ತ ಹೊರಳಿತು. ಆಮೇಲೆ ಹನಿ ಉದುರಿಸುತ್ತ ಸುಣ್ಣದ ಗೆರೆ ದಾಟಿ ಹೋಗಿ ಕುಳಿತಿತು.

ಸಂಜೆಯ ನೆರಳು ಉದ್ದ. ಉರುಕುಂದಪ್ಪ ತನ್ನದು ಅದರ ಮೇಲೆ ಬೀಳದಂತೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.