ಕರಡಿ ದಾಟುವವರೆಗೆ

ಬೇಸಿಗೆ ಮುಗಿಯುವವರೆಗೆ ಕಾಡು ಕಾಯಲು ತನ್ನ ಜೊತೆ ಯಾರಾದರೂ ಬರುತ್ತೀರಾ ಎಂದು ಫಾರೆಸ್ಟ್ ಗಾರ್ಡ್ ಎರ್ರಿಯಪ್ಪ ಕೇಳಿದಾಗ, ಕಟ್ಟೆಯ ಸುತ್ತ ಸೇರಿದ್ದ ಜನ ಎದ್ದು ಹೋಗಲು ನೆವ ಹುಡುಕಿದರು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕೆ ಅಂಟಿಕೊಂಡ ಹಳ್ಳಿ ಅದು. ಬ್ರಿಟಿಷ್ ಸರ್ಕಾರ ಗುಡ್ಡದ ಕಾಡನ್ನು ಮೀಸಲು ಮಾಡಿ ಬೇಲಿ ಹಾಕಿದಂದಿನಿಂದ ಊರಿಗೂ ಗಾರ್ಡಿಗೂ ಆಗಿಬರುತ್ತಿರಲಿಲ್ಲ. ಆದರೆ ಹಿಂದಿನ ಬೇಸಿಗೆಯಲ್ಲಿ ಬೆಂಕಿ ಬಿದ್ದು ಪಡುವಣ ಇಳಿಜಾರು ಬೋಳಾಗಿತ್ತು. ಮಳೆಗಾಲದಲ್ಲಿ ಆ ಕಡೆಯ ಹಳ್ಳ ಕೆಂಪು ಕೆಸರು ಹೊತ್ತು ತಂದು ಹೊಲಗಳಿಗೆ ಸುರಿದು, ಸಂಕ್ರಾಂತಿಗೆ ಮುಂಚೆಯೇ ಬತ್ತಿಹೋಗಿತ್ತು. ಊರು ಕುಡಿಯುತ್ತಿದ್ದ ನೀರಿನ ಒರತೆ ಇದ್ದದ್ದು ಮೂಡಣ ಇಳಿಜಾರಿನ ಕಾಡಿನಲ್ಲಿ. ಅದೂ ಸುಟ್ಟುಹೋದರೆ ಏನು ಗತಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೂಲಿ ಕೊಡಲು ಇಲಾಖೆ ಒಪ್ಪಿಲ್ಲ, ಮನಸ್ಸಿದ್ದವರು ಬನ್ನಿ ಎಂದು ಎರ್ರಿಯಪ್ಪ ಮತ್ತೊಮ್ಮೆ ಹೇಳಿದ.

ಹೆಂಗಸರ ಗುಂಪಿನಿಂದ ಉಚ್ಚೆಂಗಮ್ಮ ಎದ್ದು ನಿಂತಳು. "ನಾ ಬರ್ತೀನ್ರಿ."

ಎಲ್ಲರೂ ತಿರುಗಿ ನೋಡಿದ್ದು ಅವಳನ್ನಲ್ಲ, ಅವಳ ಅತ್ತೆ ಮುದುಕಮ್ಮನನ್ನು. ಕಾಡಿಗೆ ನುಗ್ಗಿದ ಮುದುಕಮ್ಮನ ಆಡುಗಳನ್ನು ಎರ್ರಿಯಪ್ಪ ಸರ್ಕಾರಿ ದೊಡ್ಡಿಗೆ ಅಟ್ಟಿದ ಮೇಲೆ, ಅವಳು ಅವನನ್ನು ಬೈಯುವುದಕ್ಕಲ್ಲದೆ ಮಾತಾಡಿಸಿದ್ದೇ ಇಲ್ಲ. ಮಗ, ಉಚ್ಚೆಂಗಮ್ಮನ ಗಂಡ ಮೂಕಣ್ಣ ಕಂಪ್ಲಿಯ ಕಡೆ ಬೆಲ್ಲದ ಗಾಣದ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಈಗ ಅತ್ತೆಯದೇ ಮಾತು. ಮುದುಕಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಎದ್ದಳು.

"ಸೊಸಿ ಒಬ್ಬಾಕೀನ ಕಳಸಂಗಿಲ್ಲ, ನಾನೂ ಬರ್ತೀನಿ. ಆದ್ರ ಗಾರ್ಡಪ್ಪ, ನನ್ನ ಮ್ಯಾಲೆ ಹುಕುಂ ನಡಸಬ್ಯಾಡ."

ಮುದುಕಮ್ಮನೇ ಹೊರಟ ಮೇಲೆ ಹಿಂದುಳಿಯಲು ಉಳಿದವರಿಗೆ ನಾಚಿಕೆಯಾಯಿತು. ಮರುದಿನ ಬೆಳಗ್ಗೆ ಕುಡಗೋಲು, ಸಲಿಕೆ ಹಿಡಿದ ದೊಡ್ಡ ಗುಂಪೇ ಗುಡ್ಡ ಹತ್ತಿತು.

ಒರತೆಯ ಕಡೆಗೆ ಬೆಂಕಿ ಹಬ್ಬದಂತೆ ಕಾಡಿನ ನಡುವೆ ಹುಲ್ಲು, ತರಗೆಲೆ ಕೆತ್ತಿ ತೆಗೆದು ಬರಿಯ ನೆಲದ ಉದ್ದನೆಯ ಪಟ್ಟಿ ಮಾಡಬೇಕಿತ್ತು. ಬೆಂಕಿ ಬಂದರೆ ಅಲ್ಲಿ ತಿನ್ನಲು ಏನೂ ಸಿಗದೆ ನಿಲ್ಲಬೇಕು. ಅದನ್ನು ಬೆಂಕಿ ರೇಖೆ ಎನ್ನುತ್ತಿದ್ದರು. ಆಳೆತ್ತರದ ಬಾದೆ ಹುಲ್ಲು ಕೈ ಕೊಯ್ಯುತ್ತಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಆದರೂ ಉಚ್ಚೆಂಗಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ಒರತೆಯಿಂದ ಮೇಲಿನ ಗುಡ್ಡವನ್ನು ಕೆಳಗಿನಿಂದ ನೋಡಿದ್ದಷ್ಟೇ. ಈಗ ನೆತ್ತಿಯ ಬಂಡೆ ಹತ್ತಿದರೆ ಹಂಪಿಯ ಕಡೆಯ ಕಲ್ಲುಗುಡ್ಡಗಳು ಕಾಣುತ್ತಿದ್ದವು, ಅವುಗಳಾಚೆ ಹೊಳೆ ಬೆಳ್ಳಿಯ ಎಳೆಯಂತೆ ಹೊಳೆಯುತ್ತಿತ್ತು. ನವಿಲು ರೆಕ್ಕೆ ಬಡಿದು ಏಳುವುದನ್ನು, ಕರಡಿ ಹುತ್ತ ಕೆದರಿದ ಉಗುರಿನ ಗೀರುಗಳನ್ನು ಅವಳು ನಿಂತು ನಿಂತು ನೋಡುತ್ತಿದ್ದಳು. ಸಂಜೆ ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಅದೇ ಮಾತು. ಮುದುಕಮ್ಮ ಗದರುವಂತೆ ಮಾಡಿದರೂ ಪೂರ್ತಿ ಕೇಳುತ್ತಿದ್ದಳು.

ರೇಖೆ ಇನ್ನೂ ಸಾಕಷ್ಟು ಅಗಲವಾಗಿರಲಿಲ್ಲ. ಅಷ್ಟರಲ್ಲೇ ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಿದ್ದಾಗ ಗಾಳಿಯಲ್ಲಿ ಹೊಗೆಯ ವಾಸನೆ ಬಂತು. ಯಾರ ಬೀಡಿಯೋ, ಯಾವ ಗಾಡಿಯವರು ಆರಿಸದೆ ಬಿಟ್ಟ ಒಲೆಯೋ, ಕೊನೆಗೂ ತಿಳಿಯಲಿಲ್ಲ. ಸಂಡೂರು ದಾರಿಯ ಕಡೆಯಿಂದ ಬೆಂಕಿ ಹುಲ್ಲನ್ನು ಮೇಯುತ್ತಾ ಮೇಲಕ್ಕೆ ಬರುತ್ತಿತ್ತು.

ಎರ್ರಿಯಪ್ಪ ಎಲ್ಲರಿಗೂ ತುಗ್ಗಲಿ ಮರದ ಹಸಿ ಟೊಂಗೆ ಕಡಿದುಕೊಟ್ಟು ರೇಖೆಯ ಹಿಂದೆ ಸಾಲಾಗಿ ನಿಲ್ಲಿಸಿದ. ಇಷ್ಟು ಕಿರಿದಾದ ಪಟ್ಟಿಯನ್ನು ಬೆಂಕಿ ಹಾರಿಬಿಡುತ್ತದೆ; ಅದಕ್ಕೇ ರೇಖೆಯ ಆಚೆ ಅಂಚಿನ ಹುಲ್ಲಿಗೆ ನಾನೇ ಎದುರು ಬೆಂಕಿ ಇಡುತ್ತೇನೆ, ಅದು ಮುಂದಕ್ಕೆ ಸುಡುತ್ತಾ ಹೋದರೆ ದೊಡ್ಡ ಬೆಂಕಿಗೆ ತಿನ್ನಲು ಏನೂ ಉಳಿಯುವುದಿಲ್ಲ, ಈ ಕಡೆ ಬಿದ್ದ ಕಿಡಿಗಳನ್ನು ನೀವು ಬಡಿದು ಆರಿಸಿ ಎಂದ. ಉಚ್ಚೆಂಗಮ್ಮನನ್ನು ಬಂಡೆಯ ಮೇಲೆ ಹತ್ತಿಸಿ, ಬೆಂಕಿ ಯಾವ ಕಡೆ ತಿರುಗುತ್ತದೆಂದು ಕೂಗಿ ಹೇಳಲು ನಿಲ್ಲಿಸಿದ.

ಅವನು ಹುಲ್ಲಿನ ಪಂಜು ಹೊತ್ತಿಸಿ ಬಗ್ಗುವಷ್ಟರಲ್ಲಿ ಅವಳಿಗೆ ಹುಲ್ಲಿನ ನಡುವೆ ಕಪ್ಪಗೆ ಏನೋ ಅಲುಗಿದ್ದು ಕಂಡಿತು. ಕರಡಿ. ಬೆನ್ನ ಮೇಲೆ ಎರಡು ಮರಿ ಕೂದಲು ಕಚ್ಚಿ ಹಿಡಿದು ಕೂತಿದ್ದವು. ಹಿಂದೆ ಬೆಂಕಿ, ಮುಂದೆ ಜನ. ಅದು ಅತ್ತಿತ್ತ ತಿರುಗುತ್ತಿತ್ತು.

"ತಡೀರಿ, ಹಚ್ಚಬ್ಯಾಡ್ರಿ," ಎಂದು ಅವಳು ಕೂಗಿದಳು. "ಒಳಗ ಕರಡಿ ಐತಿ. ಮರಿ ಹೊತ್ತೈತಿ."

ಎರ್ರಿಯಪ್ಪ ಪಂಜು ಎತ್ತಿ ಹಿಡಿದೇ ನಿಂತ. ಅವನ ಮುಖ ಬೆವರಿನಲ್ಲಿ ಹೊಳೆಯುತ್ತಿತ್ತು. "ತಂಗಿ, ತಡ ಮಾಡಿದ್ರ ಬೆಂಕಿ ರೇಖಿ ದಾಟತೈತಿ. ಇಡೀ ಕಾಡು ಹೋಗತೈತಿ."

"ಕಾಡು ಉಳಸಾಕ ಬಂದು ಅದರೊಳಗಿನ ತಾಯೀನ ಸುಡೋದಾ?" ಎಂದು ಮುದುಕಮ್ಮ ಕೇಳಿದಳು. ಅವಳು ಉತ್ತರಕ್ಕೆ ಕಾಯಲಿಲ್ಲ. ಪಕ್ಕದವರನ್ನು ತೋಳು ಹಿಡಿದು ಸರಿಸಿ ಸಾಲಿನ ನಡುವೆ ದಾರಿ ಬಿಡಿಸಿದಳು. ಯಾರೂ ಉಸಿರೆತ್ತಬೇಡಿ, ಅಲುಗಬೇಡಿ ಎಂದು ಎರ್ರಿಯಪ್ಪ ಸನ್ನೆ ಮಾಡಿದ. ಮರಿಯಿರುವ ಕರಡಿ ಮೈಮೇಲೆ ಬಿದ್ದರೆ ಮುಖ ಉಳಿಯುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಒಬ್ಬರೂ ಓಡಲಿಲ್ಲ.

ಕರಡಿ ಹುಲ್ಲಿನಿಂದ ಹೊರಬಿತ್ತು. ರೇಖೆಯ ನಡುಮಧ್ಯೆ ಒಂದು ಮರಿ ಜಾರಿ ಕೆಂಪು ಮಣ್ಣಿನಲ್ಲಿ ಉರುಳಿತು. ತಾಯಿ ಗಕ್ಕನೆ ನಿಂತು ಹಿಂದಕ್ಕೆ ತಿರುಗಿ, ಮರಿ ಮತ್ತೆ ಬೆನ್ನು ಹತ್ತುವವರೆಗೆ ಮೈ ತಗ್ಗಿಸಿ ಕಾದಿತು. ಬೆಂಕಿಯ ಕಾವು ಈಗ ಮುಖಕ್ಕೆ ಹೊಡೆಯುತ್ತಿತ್ತು. ಉಚ್ಚೆಂಗಮ್ಮ ಬಂಡೆಯ ಮೇಲೆ ಮುಷ್ಟಿ ಬಿಗಿಹಿಡಿದು, ಹತ್ತು, ಹತ್ತು ಎಂದು ಮನಸ್ಸಿನಲ್ಲೇ ಮರಿಯನ್ನು ಮೇಲಕ್ಕೆ ತಳ್ಳುತ್ತಿದ್ದಳು. ಮರಿ ಹತ್ತಿತು. ಕರಡಿ ಮುದುಕಮ್ಮನ ಸೀರೆ ಸವರುವಷ್ಟು ಹತ್ತಿರದಿಂದ ನುಗ್ಗಿ ಒರತೆಯ ಕಡೆಗೆ ಓಡಿಹೋಯಿತು.

"ಈಗ ಹಚ್ಚು," ಎಂದಳು ಮುದುಕಮ್ಮ.

ಎರ್ರಿಯಪ್ಪ ಪಂಜು ಹಿಡಿದು ರೇಖೆಯುದ್ದಕ್ಕೂ ಓಡಿದ. ಎದುರು ಬೆಂಕಿ ಎದ್ದಿತು. ಆದರೆ ತಡವಾಗಿತ್ತು, ಕಿಡಿಗಳು ತಲೆಯ ಮೇಲೆ ಹಾರಿ ಹಿಂದೆ ಬಿದ್ದವು. ಉಚ್ಚೆಂಗಮ್ಮ ಬಂಡೆಯಿಂದ ಜಿಗಿದು ಟೊಂಗೆ ಹಿಡಿದಳು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತಿತ್ತು. ಒಂದು ಪೊದೆಸಾಲು ಕೈತಪ್ಪಿ ಉರಿದೇ ಹೋಯಿತು. ಹೊಗೆಯಲ್ಲಿ ಯಾರು ಯಾರೆಂದು ಕಾಣದೆ, ಹೆಸರು ಕೂಗಿಕೊಳ್ಳುತ್ತಾ ಬಡಿದರು. ಅಷ್ಟರಲ್ಲಿ ಎರಡು ಬೆಂಕಿಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ಆಕಾಶದೆತ್ತರ ಎದ್ದು, ತಿನ್ನಲು ಏನೂ ಇಲ್ಲದೆ ಕುಸಿದವು. ಮೂಡಣ ಇಳಿಜಾರು ಹಸಿರಾಗಿಯೇ ನಿಂತಿತ್ತು. ಮಸಿ ಹತ್ತಿದ ಮುಖಗಳಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. ಯಾರೋ ನಕ್ಕರು, ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಕೆಲವು ದಿನಗಳ ಮೇಲೆ ಬಳ್ಳಾರಿಯಿಂದ ರೇಂಜರ್ ಸಾಹೇಬರು ಕುದುರೆಯ ಮೇಲೆ ಬಂದರು. ಸುಟ್ಟ ಪೊದೆಸಾಲನ್ನು ತೋರಿಸಿ, ಎದುರು ಬೆಂಕಿ ಇಡಲು ತಡವಾದದ್ದೇಕೆ ಎಂದು ಕೇಳಿದರು. ತಡ ಮಾಡಿದ್ದು ತಾನೇ ಎಂದ ಎರ್ರಿಯಪ್ಪ. ಉಚ್ಚೆಂಗಮ್ಮ ಮುಂದೆ ಬಂದಳು. "ತಡೀರಿ ಅಂದಾಕಿ ನಾನ್ರಿ," ಎಂದು ಕರಡಿಯ ಕತೆಯನ್ನೆಲ್ಲ ಹೇಳಿದಳು. ಮರಿ ಉರುಳಿದ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ಸಾಹೇಬರು ಅಲ್ಲೇ ರೇಖೆಯ ಅಗಲವನ್ನು ಹೆಜ್ಜೆ ಹಾಕಿ ಅಳೆದರು. ರೇಖೆ ಅಗಲವಾಗಿದ್ದರೆ ಈ ಅವಸರವೇ ಇರುತ್ತಿರಲಿಲ್ಲ ಎಂದರು. ಬರುವ ವರ್ಷ ಬೇಸಿಗೆಗೆ ಮೊದಲೇ ಶುರು ಮಾಡಬೇಕು, ಹೆಂಗಸರ ತಂಡಕ್ಕೆ ನೀನು ಮುಂದಾಳಾಗುತ್ತೀಯಾ ಎಂದು ಅವಳನ್ನು ಕೇಳಿದರು.

ಅವರ ಮಾತು ಮುಗಿಯುವ ಮೊದಲೇ ಉಚ್ಚೆಂಗಮ್ಮ ಹ್ಞೂಂ ಅಂದಿದ್ದಳು.