ಸಾವಿರದ ಒಂಬತ್ತು

"ಏಳರಲ್ಲೂ ಹೋಗಲ್ಲಪ್ಪ, ಒಂದು ಉಳಿಯತ್ತೆ," ಎಂದು ಮಗಳು ಪೆನ್ಸಿಲ್ ತುದಿ ಕಚ್ಚಿದಳು.

ಅವಳಪ್ಪ ಡ್ರಿಲ್ ಮೇಷ್ಟ್ರು ಕಾಗದದ ಮೇಲೆ ಇನ್ನಷ್ಟು ಬಗ್ಗಿದರು. ಶಾಲೆಯ ಮಕ್ಕಳೆಲ್ಲ ಸೇರಿ ಸಾವಿರದ ಒಂಬತ್ತು. ನಾಳೆ ಸಾಮೂಹಿಕ ಕವಾಯತು. ಮೇಲಿನಿಂದ ಫೋಟೊ ತೆಗೆಯುತ್ತಾರೆ, ಸಾಲುಗಳೆಲ್ಲ ಸಮ ಇರಬೇಕು, ಒಂದು ಜಾಗವೂ ಖಾಲಿ ಕಾಣಬಾರದು ಎಂದು ಹೆಡ್ ಮೇಡಂ ಅಪ್ಪಣೆ. ಮೇಷ್ಟ್ರು ಎಷ್ಟು ತಿಣುಕಿದರೂ ಕೊನೆಯ ಸಾಲು ಮೊಟಕು. ಒಂದು ಮಗುವನ್ನು ಮುಂದೆ ಲೀಡರ್ ಮಾಡಿ ನಿಲ್ಲಿಸೋಣ ಎಂದು ಅಂಗಲಾಚಿದ್ದೂ ಆಯಿತು.

"ಒಂದು ಮಗು ಮಾತ್ರ ಮುಂದೆ ನಿಂತ್ರೆ ಮಿಕ್ಕ ತಾಯಂದಿರೆಲ್ಲ ನನ್ನ ಜುಟ್ಟು ಹಿಡೀತಾರೆ. ಒಬ್ಬರನ್ನ ಬಿಡಿ, ಮುಗೀತು. ಯಾರು ಹೇಳಿ," ಎಂದಿದ್ದರು ಮೇಡಂ.

ಯಾರ ಮಗುವನ್ನು ಬಿಟ್ಟರೂ ಅವರಪ್ಪನ ಮುಖ ನೋಡಬೇಕಲ್ಲ! ಬಾಯಿಗೆ ಬಂದದ್ದು ಸ್ವಂತ ಮಗಳ ಹೆಸರು. ಹೇಳಿಬಿಟ್ಟರು. ಮನೆಗೆ ಬರುವಷ್ಟರಲ್ಲಿ ಯಾಕಾದರೂ ಹೇಳಿದೆನೋ ಎನಿಸಿತು. ಹೇಗಾದರೂ ಭಾಗವಾದರೆ ಬೆಳಿಗ್ಗೆ ಓಡಿಹೋಗಿ ತಪ್ಪಿಸಬಹುದು. ಮನೆಯಲ್ಲಿ ಲೆಕ್ಕಕ್ಕೆ ಚುರುಕು ಅವಳೊಬ್ಬಳೇ. ಅವಳ ಹೆಸರು ಹೇಳಿಬಂದದ್ದನ್ನು ಮುಚ್ಚಿಟ್ಟು ಅವಳ ಕೈಗೇ ಲೆಕ್ಕ ಕೊಟ್ಟಿದ್ದರು. ಇಂಥ ಅಪ್ಪನೂ ಇರುತ್ತಾನೆ, ನೋಡಿ.

"ಹನ್ನೊಂದಕ್ಕೆ ಎಂಟು ಉಳೀತು. ಹದಿಮೂರಕ್ಕೂ ಎಂಟೇ! ಹದಿನೇಳಕ್ಕೆ ಆರು."

"ಹತ್ತೊಂಬತ್ತು ನೋಡು ಪುಟ್ಟಿ."

"ಹತ್ತೊಂಬತ್ತು ಇಂಟು ಐವತ್ಮೂರು... ಅಪ್ಪಾ, ಸಿಕ್ತು!"

ಮೇಷ್ಟ್ರು ಎದ್ದೇಬಿಟ್ಟರು. ಸಾಲು ಉದ್ದವಾದರೆ ಆಗಲಿ, ಮೈದಾನವೇನು ಹರಿದುಹೋಗುವುದಿಲ್ಲ. ಬೆಳಗಿನವರೆಗೆ ಯಾಕೆ ಕಾಯಬೇಕು, ಈಗಲೇ ಹೋಗೋಣವೆಂದು ಚಪ್ಪಲಿಗೆ ಕಾಲು ತೂರಿಸಿಯೂ ಆಗಿತ್ತು.

"ಅಯ್ಯೋ, ಇಲ್ಲ ಕಣಪ್ಪ. ಸಾವಿರದ ಏಳಾಯ್ತು. ಇನ್ನೂ ಇಬ್ಬರು ಮಿಗ್ತಾರೆ."

ಇಪ್ಪತ್ತಮೂರು, ಇಪ್ಪತ್ತೊಂಬತ್ತು, ಮೂವತ್ತೊಂದು ಕೂಡ ಕೈಕೊಟ್ಟವು. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಇನ್ನೂ ಮುಂದಕ್ಕೆ ನೋಡೇ."

"ನೋಡೋದೇ ಬೇಡಪ್ಪ. ಸಾಲು ಜಾಸ್ತಿ ಮಾಡಿದಷ್ಟೂ ಸಾಲಿನೊಳಗೆ ಜನ ಕಮ್ಮಿ ಆಗ್ತಾರೆ. ಆ ಸಣ್ಣ ಸಂಖ್ಯೆಗಳನ್ನೆಲ್ಲ ಆಗ್ಲೇ ನೋಡಿ ಆಯ್ತಲ್ಲ. ಇದು ಅವಿಭಾಜ್ಯ. ದೇವರು ಬಂದ್ರೂ ಭಾಗ ಆಗಲ್ಲ."

ಮೇಷ್ಟ್ರಿಗೆ ಅಳುವೇ ಬಂತು. ಮನುಷ್ಯರಾಗಿದ್ದರೆ ಕೈಕಾಲು ಹಿಡಿಯಬಹುದಿತ್ತು. ಒಂದು ಸಂಖ್ಯೆಯ ಮುಂದೆ ಏನೆಂದು ಗೋಗರೆಯುವುದು?

"ತಡಿ ತಡಿ!" ಮಗಳ ಕಣ್ಣು ಅರಳಿತು. "ಒಬ್ಬರು ಕಮ್ಮಿಯಾದ್ರೆ ಸಾವಿರದ ಎಂಟು! ಎರಡು, ಮೂರು, ನಾಲ್ಕು, ಆರು, ಏಳು, ಎಂಟು, ಒಂಬತ್ತು, ಎಲ್ಲದರಲ್ಲೂ ಹೋಗತ್ತೆ. ಇಪ್ಪತ್ತೆಂಟು ಸಾಲು, ಸಾಲಿಗೆ ಮೂವತ್ತಾರು. ಒಬ್ಬರನ್ನ ಬಿಟ್ಬಿಡಪ್ಪ, ಅಷ್ಟೇ!"

"ಯಾರನ್ನ ಬಿಡ್ಲಿ ಪುಟ್ಟಿ?"

"ಯಾರನ್ನಾದ್ರೂ. ಪಾಪ, ಆ ಮಗು ಮನೇಲಿ ಅತ್ಕೊಂಡು ಕೂತಿರತ್ತೆ. ನೀನೇ ಹೋಗಿ ಸಮಾಧಾನ ಮಾಡಿ ಬಾ, ಆಯ್ತಾ?"

ಅವಳು ಕಾಗದ ಅತ್ತ ಸರಿಸಿ, ಕೋಣೆಯ ನಡುವೆ ಕಾಲು ಜೋಡಿಸಿ ನಿಂತು, ಎರಡೂ ಕೈ ಅಗಲಿಸಿದಳು. "ನೆಟ್ಟಗಿದೆಯಾ ನೋಡಪ್ಪ."

ಮೇಷ್ಟ್ರು ನೋಡಿದರು. "ಎಡಗೈ ಸ್ವಲ್ಪ ಮೇಲೆ," ಎಂದರು.

ಅವಳು ಎತ್ತಿದಳು.